ಆಸ್ಪತ್ರೆ ಗ್ರಂಥಾಲಯಕ್ಕೆ ಸಿಬ್ಬಂದಿಯ ಅಭಿಪ್ರಾಯ: ಫಾರ್ಮ್, ಗುಂಪು ಚರ್ಚೆ, ವಾರ್ಡಿನ ಮಾತು, ‘ಇಲ್ಲ’ ವಹಿ – ಯಾವುದು ಕೆಲಸಕ್ಕೆ ಬರುತ್ತದೆ?

ಗ್ರಂಥಾಲಯದ ಕೌಂಟರಿನಲ್ಲಿ ನಿಂತು ‘ಸೇವೆ ಹೆಂಗೈತ್ರಿ?’ ಎಂದು ಕೇಳಿದರೆ ಬರುವ ಉತ್ತರ ಒಂದೇ: ‘ಛಲೋ ಐತ್ರಿ.’ ನಾಳೆ ಅದೇ ಕೌಂಟರಿನಲ್ಲಿ ಪುಸ್ತಕ ಪಡೆಯಬೇಕಾದವರು ಎದುರಿಗೆ ನಿಂತವರಿಗೆ ಬೇರೇನು ಹೇಳಿಯಾರು? ಹಾಗಾಗಿ ಅಭಿಪ್ರಾಯ ಸಂಗ್ರಹದಲ್ಲಿ ಪ್ರಶ್ನೆಗಿಂತ ಮೊದಲು ತೀರ್ಮಾನವಾಗಬೇಕಾದದ್ದು, ಅದನ್ನು ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ ಕೇಳುತ್ತಾರೆ ಎಂಬುದು.

ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು 1961ರದು, ರಾಯಚೂರಿನ ರಿಮ್ಸ್ 2007ರದು, ಕೊಪ್ಪಳದ್ದು 2015ರದು. ವಯಸ್ಸು ಬೇರೆಬೇರೆಯಾದರೂ ಇಂಥ ಕಾಲೇಜುಗಳ ಗ್ರಂಥಾಲಯದಲ್ಲಿ ಕಾಣುವ ಮುಖಗಳು ಬಹುಪಾಲು ಎಂಬಿಬಿಎಸ್ ಹುಡುಗರು ಮತ್ತು ಪಿಜಿಗಳದ್ದೇ (ಸ್ನಾತಕೋತ್ತರ ವಿದ್ಯಾರ್ಥಿಗಳದ್ದೇ). ಸ್ಟಾಫ್ ನರ್ಸ್, ಫಾರ್ಮಸಿಸ್ಟ್, ಲ್ಯಾಬ್ ಮತ್ತು ಎಕ್ಸ್‌ರೇ ಟೆಕ್ನಿಷಿಯನ್‌ಗಳು ಒಳಗೆ ಕಾಲಿಡುವುದೇ ಅಪರೂಪ. ಕಾಲೇಜು ಒಂದು ಕಡೆ, ಆಸ್ಪತ್ರೆ ಇನ್ನೊಂದು ಕಡೆ ಇದ್ದರಂತೂ ಕೇಳುವುದೇ ಬೇಡ. ಗ್ರಂಥಾಲಯದೊಳಗೇ ಕೂತು ಸಂಗ್ರಹಿಸಿದ ಅಭಿಪ್ರಾಯದಲ್ಲಿ ಇವರ ದನಿ ಇರುವುದಿಲ್ಲ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಏಳು ದಾರಿಗಳನ್ನು ಬಳಸಿ ನೋಡಿದ ಮೇಲೆ, ಸೇವೆಯಲ್ಲಿ ನಿಜಕ್ಕೂ ಬದಲಾವಣೆ ತಂದದ್ದು ಎರಡೇ: ವಾರ್ಡಿಗೆ ಹೋಗಿ ಆಡುವ ಹತ್ತು ನಿಮಿಷದ ಮಾತು ಮತ್ತು ಕೌಂಟರಿನ ‘ಇಲ್ಲ’ ವಹಿ, ಅಂದರೆ ಕೇಳಿದ್ದು ಸಿಗದಾಗಲೆಲ್ಲ ಬರೆದಿಡುವ ರಿಜಿಸ್ಟರ್. ಫಾರ್ಮ್‌ಗಳು ಎಣಿಕೆಗೆ ಬೇಕು. ಉಳಿದವಕ್ಕೆ ಅವುಗಳದೇ ಸಣ್ಣ ಜಾಗವಿದೆ.

ಕಾಗದದ ಫಾರ್ಮ್

ಇದಕ್ಕೆ ಸಿಗ್ನಲ್ ಬೇಡ, ಚಾರ್ಜ್ ಬೇಡ. ಎಕ್ಸ್‌ರೇ, ಸಿಟಿ ಸ್ಕ್ಯಾನ್ ಕೋಣೆಗಳ ದಪ್ಪ ಗೋಡೆಗಳ ಒಳಗೆ ಮೊಬೈಲ್ ಡೇಟಾ ಸರಿಯಾಗಿ ಸಿಗದ ಕಡೆ ಕಾಗದವೇ ಗತಿ. ಎ4 ಹಾಳೆಯ ಒಂದೇ ಮಗ್ಗುಲು, ಎಂಟು ಪ್ರಶ್ನೆ, ಪ್ರತಿ ಪ್ರಶ್ನೆಯೂ ಮೇಲೆ ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ. ಹಾಳೆ ತಿರುವಬೇಕಾದರೆ ಹಿಂಬದಿ ಖಾಲಿ ಬರುತ್ತದೆ ಎಂದೇ ಲೆಕ್ಕ ಹಾಕಿ.

ಇದರ ಮೊದಲ ರೋಗ, ಎಂಟೂ ಪ್ರಶ್ನೆಗೆ ‘ಉತ್ತಮ’ದ ಸಾಲಿನಲ್ಲಿ ಮೇಲಿಂದ ಕೆಳಗೆ ಒಂದೇ ಗೀಟು. ಇದನ್ನು ಹಿಡಿಯಲು ಒಂದು ಉಲ್ಟಾ ವಾಕ್ಯ ಸೇರಿಸಿ: ‘ಬೇಕಾದದ್ದು ಸಿಗದೆ ಬರಿಗೈಯಲ್ಲಿ ಮರಳಿದ್ದೇನೆ.’ ‘ಬೇಕಾದದ್ದೆಲ್ಲ ಸಿಗುತ್ತದೆ’ ಎಂಬುದಕ್ಕೂ ಇದಕ್ಕೂ ಒಟ್ಟಿಗೇ ‘ಒಪ್ಪುತ್ತೇನೆ’ ಎಂದಿರುವ ಹಾಳೆಯನ್ನು ಎಣಿಕೆಗೆ ಸೇರಿಸದೆ ಬೇರೆ ಇಡಿ. ಎರಡನೆಯದು, ‘ಬಳಸಿಲ್ಲ’ ಎಂಬ ಚೌಕ ಕೊಡದಿರುವುದು. ಅದಿಲ್ಲದಿದ್ದರೆ ಇ-ಜರ್ನಲ್ ಒಮ್ಮೆಯೂ ತೆರೆಯದವರು ‘ಸಾಧಾರಣ’ಕ್ಕೆ ಗುರುತು ಹಾಕುತ್ತಾರೆ. ಸೇವೆ ಸಾಧಾರಣವಾಗಿದೆ ಎಂದು ವರದಿಯಾಗುತ್ತದೆ. ಅಲ್ಲಿರುವ ನಿಜವಾದ ಸುದ್ದಿ, ಅಂಥ ಸೇವೆಯೊಂದಿದೆ ಎಂಬುದೇ ಅವರಿಗೆ ಗೊತ್ತಿಲ್ಲ ಎನ್ನುವುದು. ಮಧ್ಯದ ‘ಸಾಧಾರಣ’ವನ್ನು ತೆಗೆದು ನಾಲ್ಕೇ ಆಯ್ಕೆ ಕೊಟ್ಟು, ಪಕ್ಕದಲ್ಲಿ ‘ಬಳಸಿಲ್ಲ’ ಇಡುವುದು ಮೇಲು.

ಗಣಕೀಕರಣದ ಹೊರೆಯನ್ನು ಯಾರೂ ಮೊದಲೇ ಎಣಿಸುವುದಿಲ್ಲ. ಒಂದು ಫಾರ್ಮಿಗೆ ಎರಡು ನಿಮಿಷವೆಂದರೂ 150 ಫಾರ್ಮಿಗೆ ಐದು ತಾಸು. ಕೈಬರಹದ ಸಲಹೆಗಳನ್ನು ಟೈಪ್ ಮಾಡುವ ಹೊತ್ತು ಬೇರೆ.

ಗೂಗಲ್ ಫಾರ್ಮ್

ಟೈಪಿಂಗ್ ಉಳಿಯುತ್ತದೆ, ಉತ್ತರಗಳು ನೇರ ಶೀಟ್‌ಗೆ ಬೀಳುತ್ತವೆ. ಆದರೆ ಸೆಟ್ಟಿಂಗ್ಸ್‌ನಲ್ಲಿ ಎರಡು ಕಡೆ ಎಡವಟ್ಟಾಗುತ್ತದೆ. ಒಬ್ಬರಿಗೆ ಒಂದೇ ಉತ್ತರ ಎಂಬ ಮಿತಿ ಹಾಕಿದರೆ ಗೂಗಲ್ ಖಾತೆಗೆ ಲಾಗಿನ್ ಆಗು ಎನ್ನುತ್ತದೆ. ಅಲ್ಲಿಗೆ ‘ನನ್ನ ಹೆಸರು ಗೊತ್ತಾಗುತ್ತದೆ’ ಎಂದು ಅರ್ಧ ಜನ ಹಿಂದೆ ಸರಿಯುತ್ತಾರೆ. ಒಬ್ಬಿಬ್ಬರು ಎರಡು ಸಲ ತುಂಬಿದರೆ ತುಂಬಲಿ, ಆ ಮಿತಿಯನ್ನೂ ಇಮೇಲ್ ಸಂಗ್ರಹವನ್ನೂ ಆಫ್ ಮಾಡಿ. ಇನ್ನೊಂದು, ವಿಭಾಗ, ಹುದ್ದೆ, ಸೇವಾವಧಿ ಮೂರನ್ನೂ ಒಟ್ಟಿಗೆ ಕೇಳುವುದು. ಚರ್ಮರೋಗ ವಿಭಾಗದ ಹತ್ತು ವರ್ಷ ಮೇಲ್ಪಟ್ಟ ಸಹ ಪ್ರಾಧ್ಯಾಪಕರು ಒಬ್ಬರೇ ಇದ್ದರೆ ಹೆಸರು ಕೇಳಿದಂತೆಯೇ ಆಯಿತು. ಹುದ್ದೆಯೊಂದನ್ನೇ ಕೇಳಿ. ವರದಿಯಲ್ಲೂ ಐದಕ್ಕಿಂತ ಕಡಿಮೆ ಜನರ ಗುಂಪನ್ನು ಪ್ರತ್ಯೇಕವಾಗಿ ತೋರಿಸಬೇಡಿ. ಶೀಟ್‌ನಲ್ಲಿ ದಿನ, ಗಂಟೆ ತಾನಾಗಿಯೇ ದಾಖಲಾಗುತ್ತದೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇದ್ದರೆ ಅದೂ ಗುರುತು ಕೊಡುತ್ತದೆ. ಶೀಟ್ ಹಂಚುವ ಮೊದಲು ಆ ಕಾಲಂ ಅಳಿಸಿ.

ಕ್ಯೂಆರ್ ಅಂಟಿಸುವಾಗ ಅಳತೆ ನೋಡಿ. ಎಷ್ಟು ದೂರದಿಂದ ಸ್ಕ್ಯಾನ್ ಮಾಡುತ್ತಾರೋ ಅದರ ಹತ್ತರಲ್ಲಿ ಒಂದು ಪಾಲಿನಷ್ಟು ಅಗಲ ಬೇಕು: ಒಂದು ಮೀಟರಿಗೆ 10 ಸೆಂ.ಮೀ. ಹೊಳೆಯುವ ಲ್ಯಾಮಿನೇಷನ್ ಟ್ಯೂಬ್‌ಲೈಟ್ ಕೆಳಗೆ ಮಿಂಚಿ ಕ್ಯಾಮೆರಾ ಹಿಡಿಯುವುದಿಲ್ಲ. ಮ್ಯಾಟ್ ಹಾಳೆಯೇ ವಾಸಿ.

ಇಲ್ಲಿನ ದೊಡ್ಡ ಮೋಸ ಛೇದದ್ದು. 200 ಜನರ ಗುಂಪಿಗೆ ಲಿಂಕ್ ಹಾಕಿ 30 ಉತ್ತರ ಬಂದು, ಅದರಲ್ಲಿ 27 ಜನ ‘ತೃಪ್ತಿ’ ಎಂದರೆ ಶೇ. 90 ತೃಪ್ತಿ ಎಂದು ಬರೆಯುವ ಚಾಳಿ ಇದೆ. ಉಳಿದ 170 ಜನ ಏನಂದರು? ‘200ರಲ್ಲಿ 30 ಉತ್ತರ’ ಎಂದು ವರದಿಯ ಮೊದಲ ಸಾಲಿನಲ್ಲೇ ಬರೆಯಿರಿ. ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಮಂಡಳಿ) ಕಡತಕ್ಕೆ ಅಭಿಪ್ರಾಯ ಸಂಗ್ರಹ, ವಿಶ್ಲೇಷಣೆ, ಕೈಗೊಂಡ ಕ್ರಮ ಮೂರೂ ಬೇಕು. ಫಾರ್ಮ್ ಮೊದಲೆರಡನ್ನು ಸಲೀಸಾಗಿ ಕೊಡುತ್ತದೆ. ಮೂರನೆಯದಕ್ಕೆ ಬೇಕಾದ ಸರಕು ಅದರಲ್ಲಿ ಇರುವುದಿಲ್ಲ.

ಸಿದ್ಧ ಪ್ರಶ್ನಾವಳಿಯನ್ನೇ ತಂದು ಬಳಸೋಣ ಎನ್ನುವವರಿಗೆ ಒಂದು ಮಾತು. ಲಿಬ್‌ಕ್ವಾಲ್ ಎಂಬ ಅಮೆರಿಕದ ಮಾದರಿಯಲ್ಲಿ 22 ಅಂಶಗಳಿವೆ. ಪ್ರತಿಯೊಂದಕ್ಕೂ ಕನಿಷ್ಠ ನಿರೀಕ್ಷೆ, ಬಯಸುವ ಮಟ್ಟ, ಈಗ ಸಿಗುತ್ತಿರುವುದು ಎಂದು ಮೂರು ಅಂಕ. ಒಟ್ಟು 66 ಗುರುತು. ಪಿಎಚ್‌ಡಿ ಪ್ರಬಂಧಕ್ಕೆ ಸೊಗಸು, ಪಾಳಿ ಮುಗಿಸಿ ಬಸ್ ಹಿಡಿಯಬೇಕಾದ ಸಿಸ್ಟರ್‌ಗೆ ಶಿಕ್ಷೆ.

ವಾಟ್ಸಾಪ್ ಪೋಲ್, ಸಲಹಾ ಪೆಟ್ಟಿಗೆ

ಪೋಲ್‌ನಲ್ಲಿ ಸಾಮಾನ್ಯವಾಗಿ ಯಾರು ಯಾವುದಕ್ಕೆ ಒತ್ತಿದರೆಂದು ಗುಂಪಿಗೆಲ್ಲ ಕಾಣುತ್ತದೆ. ಎಚ್‌ಓಡಿ (ವಿಭಾಗದ ಮುಖ್ಯಸ್ಥರು) ಒತ್ತಿದ ಆಯ್ಕೆಯ ಹಿಂದೆಯೇ ಉಳಿದವರ ಸಾಲು. ‘ರಾತ್ರಿ 8ಕ್ಕೆ ಮುಚ್ಚಬೇಕೋ 10ಕ್ಕೋ’ ಎನ್ನುವಂಥ, ಯಾರಿಗೂ ಮುಜುಗರವಿಲ್ಲದ ಒಂದೇ ಪ್ರಶ್ನೆಗೆ ಮಾತ್ರ ಇದು ಸರಿ.

ಸಲಹಾ ಪೆಟ್ಟಿಗೆ ಕೂತ ಜಾಗದ ಬಗ್ಗೆ ಮಾತ್ರ ಮಾತಾಡುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಬಳ್ಳಾರಿ-ರಾಯಚೂರಿನ ಬಿಸಿಲಿಗೆ ಓದುವ ಕೋಣೆ ತುಂಬುವುದು ತಂಪಿಗಾಗಿ. ಆಗ ಪೆಟ್ಟಿಗೆ ತೆರೆದರೆ ಫ್ಯಾನ್, ಏಸಿ, ಕುಡಿಯುವ ನೀರು. ಅವೂ ಬೇಕಾದವೇ, ಆದರೆ ಗ್ರಂಥಾಲಯ ಸೇವೆಯ ಬಗ್ಗೆ ಅದರಲ್ಲಿ ಒಂದಕ್ಷರವಿರುವುದಿಲ್ಲ.

ಗುಂಪು ಚರ್ಚೆ

ಆರರಿಂದ ಎಂಟು ಜನ, 45 ನಿಮಿಷ, ಮಾತು ನಡೆಸಲು ಒಬ್ಬರು, ಬರೆಯಲು ಇನ್ನೊಬ್ಬರು. ಒಬ್ಬರ ಮಾತು ಇನ್ನೊಬ್ಬರ ನೆನಪನ್ನು ಎಬ್ಬಿಸುವುದು ಇದರ ಲಾಭ. ‘ಆವತ್ತು ನನಗೂ ಹಂಗ ಆಗಿತ್ತು’ ಎಂದು ಶುರುವಾದರೆ ಚರ್ಚೆ ಗೆದ್ದ ಹಾಗೆ. ಎಚ್‌ಓಡಿ ಜೊತೆ ಪಿಜಿ, ನರ್ಸಿಂಗ್ ಸೂಪರಿಂಟೆಂಡೆಂಟ್ ಜೊತೆ ಸ್ಟಾಫ್ ನರ್ಸ್ ಕೂತರೆ ಮಾತು ಅಲ್ಲಿಗೇ ನಿಲ್ಲುತ್ತದೆ. ದರ್ಜೆವಾರು ಬೇರೆಬೇರೆ ಕೂರಿಸಿ. ಸಂಕೋಚವಿಲ್ಲದೆ ತೆಲುಗಿಗೋ ಉರ್ದುವಿಗೋ ಹೊರಳಿದರೆ ತಡೆಯಬೇಡಿ, ಬರೆಯುವವರಿಗೆ ಆ ಭಾಷೆ ಗೊತ್ತಿರುವಂತೆ ನೋಡಿಕೊಳ್ಳಿ. ಒಗ್ಗರಣೆ-ಮಿರ್ಚಿ ತರಿಸುವುದಾದರೆ ಕೊನೆಗೆ ತರಿಸಿ. ಮೊದಲೇ ಬಂದರೆ ಚರ್ಚೆ ಮಿರ್ಚಿಯ ಸುತ್ತಲೇ ಸುತ್ತುತ್ತದೆ.

ತೊಡಕೆಂದರೆ ಎಂಟು ಜನರ ಡ್ಯೂಟಿ ಒಂದೇ ಹೊತ್ತಿಗೆ ಬಿಡುವಾಗುವುದು. ಪಿಜಿಗಳಿಗೆ ವಿಭಾಗದ ಜರ್ನಲ್ ಕ್ಲಬ್ ಮುಗಿದ ಕೂಡಲೇ, ಅದೇ ಕೋಣೆಯಲ್ಲಿ ಹಿಡಿದರೆ ಆಗುತ್ತದೆ. ನರ್ಸ್‌ಗಳಿಗೆ ಈ ದಾರಿ ಕೈಕೊಡುತ್ತದೆ.

ವಾರ್ಡಿನ ಹತ್ತು ನಿಮಿಷ

ನರ್ಸ್‌ಗಳಿಗೆ ಇದೇ ಸರಿ. ಬೆಳಿಗ್ಗೆ 8ರಿಂದ 2, 2ರಿಂದ ರಾತ್ರಿ 8, ಆಮೇಲೆ ಬೆಳಗಿನ 8ರವರೆಗೆ ಎಂಬ ಪಾಳಿ ಇರುವಲ್ಲಿ, ಪಾಳಿ ಬದಲಾಗುವ ಹೊತ್ತಿಗೆ ಅಪ್ಪಿತಪ್ಪಿಯೂ ಹೋಗಬೇಡಿ. ಆಗ ರೋಗಿಗಳನ್ನು ಒಪ್ಪಿಸುವ ಕೆಲಸ ನಡೆದಿರುತ್ತದೆ. ಮಧ್ಯಾಹ್ನ 3ರಿಂದ 4.30, ಅಂದರೆ ಸಂಜೆಯ ಔಷಧಿ ಶುರುವಾಗುವ ಮೊದಲು, ಸ್ವಲ್ಪ ಪುರುಸೊತ್ತಿರುತ್ತದೆ. ರಾತ್ರಿ ಪಾಳಿಯವರನ್ನು ಬಿಡುವಂತಿಲ್ಲ, ಗ್ರಂಥಾಲಯ ಮುಚ್ಚಿರುವಾಗ ದುಡಿಯುವವರು ಅವರೇ. ಹತ್ತೂವರೆ ಸುಮಾರಿಗೆ ಹೋಗಿ. ನರ್ಸಿಂಗ್ ಸೂಪರಿಂಟೆಂಡೆಂಟ್‌ರಿಂದ ಮೊದಲೇ ಒಪ್ಪಿಗೆ ಪಡೆಯಿರಿ, ಆದರೆ ಯಾರನ್ನು ಮಾತಾಡಿಸಬೇಕೆಂದು ಅವರೇ ಆರಿಸಿ ಕಳಿಸದಂತೆ ವಿನಂತಿಸಿ.

‘ತೃಪ್ತಿ ಇದೆಯೇ’ ಎಂದು ಇಲ್ಲಿ ಕೇಳಲೇಬಾರದು. ನಡೆದ ಒಂದು ಪ್ರಸಂಗ ಕೇಳಬೇಕು. ‘ಸಿಸ್ಟರ್, ಹೋದ ವಾರದಾಗ ಪೇಷೆಂಟ್ ವಿಷಯಕ್ಕ ಏನಾದ್ರೂ ಹುಡುಕಬೇಕಾಗಿ ಬಂದಿತ್ತೇನ್ರಿ?’ ಅಲ್ಲಿಂದ ನಾಲ್ಕು ಹೆಜ್ಜೆ: ಮೊದಲು ಎಲ್ಲಿ ಹುಡುಕಿದಿರಿ, ಸಿಕ್ಕಿತೇ, ಎಷ್ಟು ಹೊತ್ತಾಯಿತು, ಸಿಗದಿದ್ದಾಗ ಏನು ಮಾಡಿದಿರಿ. ಹೀಗೆ ನಡೆದ ಘಟನೆಯನ್ನೇ ಹಿಡಿದು ಕೇಳುವ ಕ್ರಮವನ್ನು ಫ್ಲನಗನ್ ಎಂಬ ಮನಶ್ಶಾಸ್ತ್ರಜ್ಞರು 1954ರಲ್ಲೇ ಬರೆದಿಟ್ಟಿದ್ದಾರೆ. ಗ್ರಂಥಾಲಯಕ್ಕೆ ಅದು ಚೆನ್ನಾಗಿ ಹೊಂದುತ್ತದೆ.

ಎಂಥ ಉತ್ತರ ಬರುತ್ತದೆ ನೋಡಿ. ಫಿಟ್ಸ್ ಬಂದ ರೋಗಿಗೆ ಫೆನಿಟಾಯಿನ್ ಹಾಕಬೇಕು, ಎದುರಿಗಿರುವುದು ಡೆಕ್ಸ್‌ಟ್ರೋಸ್ ಬಾಟಲಿ, ಅದರಲ್ಲಿ ಬೆರೆಸಬಹುದೋ ಇಲ್ಲವೋ ಎಂದು ಅನುಮಾನ. ಬೆರೆಸಬಾರದು. ಔಷಧಿ ಹರಳುಗಟ್ಟುತ್ತದೆ, ನಾರ್ಮಲ್ ಸಲೈನೇ ಬೇಕು. ಉತ್ತರವಿರುವ ಪುಸ್ತಕ ಗ್ರಂಥಾಲಯದ ಕಪಾಟಿನಲ್ಲಿದೆ, ಕಪಾಟಿಗೆ ಬೀಗ. ಸಿಸ್ಟರ್ ಸೀನಿಯರ್‌ಗೆ ಫೋನ್ ಹಚ್ಚುತ್ತಾರೆ, ಅವರು ಎತ್ತದಿದ್ದರೆ ಮೊಬೈಲಿನಲ್ಲಿ ಸಿಕ್ಕಿದ್ದನ್ನು ನೋಡುತ್ತಾರೆ. ಈ ಒಂದು ಪ್ರಸಂಗ ಹೇಳುವುದನ್ನು ನೂರು ‘ಉತ್ತಮ’ಗಳು ಹೇಳವು. ಗ್ರಂಥಾಲಯದ ಸಮಯ ಹೆಚ್ಚಿಸಿದರೆ ಇದು ಬಗೆಹರಿಯದು, ವಾರ್ಡ್ ಬಿಟ್ಟು ಬರಲು ಅವರಿಗೆ ಆಗುವುದಿಲ್ಲ. ಬೇಕಾದದ್ದು ನರ್ಸಿಂಗ್ ಸ್ಟೇಷನ್ನಿನಲ್ಲೇ ತೂಗುಹಾಕುವ, ಔಷಧಶಾಸ್ತ್ರ ವಿಭಾಗ ಪರಿಶೀಲಿಸಿ ಸಹಿ ಮಾಡಿದ, ದಿನಾಂಕವಿರುವ, ಯಾವ ಔಷಧಿಯನ್ನು ಯಾವುದರಲ್ಲಿ ಬೆರೆಸಬಹುದು ಎಂಬ ಒಂದು ಪಟ್ಟಿ. ದಿನಾಂಕವಿಲ್ಲದಿದ್ದರೆ ಹಳೆಯ ಪಟ್ಟಿ ವರ್ಷಗಟ್ಟಲೆ ಗೋಡೆಯ ಮೇಲೆಯೇ ಉಳಿಯುತ್ತದೆ.

ಧ್ವನಿಮುದ್ರಣ ಬೇಡ. ಮೊಬೈಲ್ ಮೇಜಿನ ಮೇಲಿಟ್ಟ ಕ್ಷಣ ‘ಛಲೋ ಐತ್ರಿ’ ವಾಪಸ್ ಬರುತ್ತದೆ. ಅರ್ಧ ಹಾಳೆಯಲ್ಲಿ ಬರೆದುಕೊಳ್ಳಿ: ಹುದ್ದೆ, ಪಾಳಿ, ಪ್ರಸಂಗ, ಅವರದೇ ಮಾತಿನ ಒಂದು ವಾಕ್ಯ. ರೋಗಿಯ ಹೆಸರು, ಐಪಿ (ಒಳರೋಗಿ) ನಂಬರ್ ಬರೆಯಬಾರದು. ಒಂದೇ ಬಗೆಯ ಕೆಲಸದವರಲ್ಲಿ ಹನ್ನೆರಡರಿಂದ ಹದಿನೈದು ಜನರಾಗುವಷ್ಟರಲ್ಲಿ ಸುದ್ದಿ ಮರುಕಳಿಸತೊಡಗುತ್ತದೆ. ಅಲ್ಲಿಗೆ ನಿಲ್ಲಿಸಬಹುದು. ಕೇಳುವವರು ಗ್ರಂಥಪಾಲಕರೇ ಆಗಿದ್ದರೆ ಬೈಗುಳ ಕಡಿಮೆ ಬರುತ್ತದೆ. ಸಾಧ್ಯವಾದರೆ ಅಪ್ರೆಂಟಿಸ್ ಒಬ್ಬರನ್ನು ಕಳಿಸಿ.

‘ಇಲ್ಲ’ ವಹಿ

ಎಲ್ಲಕ್ಕಿಂತ ಅಗ್ಗದ್ದು ಇದು. 200 ಪುಟದ ಒಂದು ರಿಜಿಸ್ಟರ್, ದಾರ ಕಟ್ಟಿದ ಪೆನ್ನು. ಯಾರಿಗೆ ‘ಇಲ್ಲ’ ಎಂದರೂ ಒಂದು ಸಾಲು. ಕಾಲಂ ಐದೇ: ದಿನಾಂಕ ಮತ್ತು ವೇಳೆ, ಕೇಳಿದವರ ಹುದ್ದೆ, ಅವರು ಕೇಳಿದ್ದು ಅವರದೇ ಮಾತಿನಲ್ಲಿ, ಕಾರಣದ ಸಂಖ್ಯೆ, ಮುಂದೇನಾಯಿತು. ಕಾರಣಗಳು: 1 ಪುಸ್ತಕವೇ ಇಲ್ಲ, 2 ಇದೆ, ಹೊರಗೆ ಹೋಗಿದೆ, 3 ಹಳೆಯ ಆವೃತ್ತಿ ಮಾತ್ರ ಇದೆ, 4 ಇ-ಜರ್ನಲ್ ತೆರೆಯಲಿಲ್ಲ, 5 ಸಮಯ ಮೀರಿತ್ತು.

ತಿಂಗಳ ಕೊನೆಗೆ ಸಂಖ್ಯೆಗಳನ್ನು ಕೂಡಿಸಿದರೆ ದಾರಿ ತಾನೇ ಕಾಣುತ್ತದೆ. 2 ಹೆಚ್ಚಿದ್ದರೆ ಹೊಸ ಶೀರ್ಷಿಕೆ ಬೇಡ, ಇರುವುದರ ಪ್ರತಿ ಹೆಚ್ಚಿಸಿ ಅಥವಾ ಎರವಲಿನ ದಿನ ಕಡಿಮೆ ಮಾಡಿ. 4 ಹೆಚ್ಚಿದ್ದರೆ ದೂರು ಬರೆಯುವ ಮೊದಲು ಲಾಗಿನ್ ನೋಡಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲಿ ಆರಂಭಿಸಿದ ಹೆಲಿನೆಟ್‌ನಂಥ, ಕಾಲೇಜುಗಳು ಜೊತೆಗೂಡಿ ಇ-ಜರ್ನಲ್ ಪಡೆಯುವ ಒಕ್ಕೂಟದ ಜರ್ನಲ್ ಕ್ಯಾಂಪಸ್ಸಿನಲ್ಲಿ ತೆರೆದು ಮನೆಯಲ್ಲಿ ತೆರೆಯದಿದ್ದರೆ, ಹೆಚ್ಚಿನ ಸಲ ದೂರದಿಂದ ಬಳಸುವ ಖಾತೆಯನ್ನೇ ಮಾಡಿಸಿರುವುದಿಲ್ಲ. ಖರ್ಚಿಲ್ಲದೆ ಸರಿಹೋಗುವ ಕೆಲಸ ಇದು.

ಕೋಹಾ ಎಂಬ ಗ್ರಂಥಾಲಯ ತಂತ್ರಾಂಶವಿದ್ದರೆ ಅದರಲ್ಲೇ ಖರೀದಿ ಸಲಹೆಯ ಸೌಲಭ್ಯವಿದೆ, ಸಲಹೆ ಅಂಗೀಕಾರವಾಯಿತೋ ತಿರಸ್ಕಾರವಾಯಿತೋ ಬಳಕೆದಾರರಿಗೇ ಕಾಣುತ್ತದೆ. ಆದರೂ ವಹಿ ಬಿಡಬೇಡಿ. ಲಾಗಿನ್ ಮಾಡಿ ಪುಸ್ತಕ ಸೂಚಿಸುವವರು ಬೋಧಕರು. ಬಂದು ಕೇಳಿ, ಇಲ್ಲವೆನಿಸಿಕೊಂಡು ಸುಮ್ಮನೆ ಹೋಗುವವರ ಲೆಕ್ಕ ಕೋಹಾದಲ್ಲಿ ಸಿಗದು.

ವಹಿ ಸಾಯುವುದು ಎರಡು ಕಾರಣಕ್ಕೆ. ಕೌಂಟರಿನಲ್ಲಿ ನೂಕುನುಗ್ಗಲಿದ್ದಾಗ ಬರೆಯುವುದಿಲ್ಲ, ‘ಇಲ್ಲ’ ಹೆಚ್ಚಾಗುವುದೂ ಆಗಲೇ. ಅದಕ್ಕೆ ಕಾರಣದ ಸಂಖ್ಯೆ ಮತ್ತು ನಾಲ್ಕು ಪದ ಸಾಕು, ಮಿಕ್ಕಿದ್ದನ್ನು ಆಮೇಲೆ ತುಂಬಿ ಎಂದು ಮೊದಲೇ ಹೇಳಿಡಿ. ಇನ್ನೊಂದು, ‘ಇದು ನಮ್ಮ ತಪ್ಪಿನ ಪಟ್ಟಿ’ ಎಂಬ ಭಯ. ಮೇಲಧಿಕಾರಿ ಒಮ್ಮೆ ವಹಿ ಹಿಡಿದು ಅಟೆಂಡರ್ ಒಬ್ಬರನ್ನು ಗದರಿದರೆ ಮರುದಿನದಿಂದ ಪುಟ ಬಿಳಿಯಾಗಿಯೇ ಇರುತ್ತದೆ. ಬರೆದವರ ಸಹಿಯ ಕಾಲಂ ಇಡದಿರುವುದು ಇದಕ್ಕೇ.

ಯಾವುದರ ಹಿಂದೆ ಯಾವುದು

ವಹಿ ವರ್ಷವಿಡೀ ನಡೆಯಲಿ. ಪರೀಕ್ಷೆ ಮತ್ತು ಪಿಜಿ ಸಿನಾಪ್ಸಿಸ್ (ಪ್ರಬಂಧದ ರೂಪರೇಖೆ) ಸಲ್ಲಿಕೆಯ ತಿಂಗಳು ಬಿಟ್ಟು ವರ್ಷಕ್ಕೊಮ್ಮೆ ವಾರ್ಡ್ ಸುತ್ತು ಹಾಕಿ. ಅಲ್ಲಿ ಸಿಕ್ಕ ವಿಷಯಗಳಿಂದಲೇ ಫಾರ್ಮಿನ ಎಂಟು ಪ್ರಶ್ನೆ ಬರೆಯಿರಿ, ಎಷ್ಟು ಜನರಿಗೆ ಅದೇ ತೊಂದರೆ ಎಂದು ಎಣಿಸಲು. ಫಾರ್ಮನ್ನೇ ಮೊದಲು ಕಳಿಸಿದರೆ ನಮ್ಮ ತಲೆಯಲ್ಲಿರುವ ಪ್ರಶ್ನೆಗೇ ಉತ್ತರ ಬರುತ್ತದೆ, ಅವರ ತಲೆಯಲ್ಲಿರುವುದು ಅಲ್ಲೇ ಉಳಿಯುತ್ತದೆ.

ಕೇಳಿದ ಮೇಲೆ ಒಂದು ತಿಂಗಳೊಳಗೆ ಉತ್ತರ ಕೊಡಬೇಕು, ಅದೂ ನರ್ಸಿಂಗ್ ಸ್ಟೇಷನ್ನಿನ ನೋಟಿಸ್ ಬೋರ್ಡಿನಲ್ಲಿ, ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ. ನೀವು ಕೇಳಿದ್ದು, ನಾವು ಮಾಡಿದ್ದು, ಮಾಡಲಾಗದ್ದು ಮತ್ತು ಯಾಕೆ. ಈ ಕೊನೆಯದನ್ನು ಬಿಟ್ಟುಬಿಡುವುದೇ ರೂಢಿ. ‘ರಾತ್ರಿ ಗ್ರಂಥಾಲಯ ತೆರೆಯಲು ಸಿಬ್ಬಂದಿ ಮಂಜೂರಾತಿ ಇಲ್ಲ, ಬದಲಿಗೆ ತುರ್ತು ವಿಭಾಗದಲ್ಲಿ ಹನ್ನೆರಡು ಪುಸ್ತಕಗಳ ಕಪಾಟು ಇಟ್ಟಿದ್ದೇವೆ, ಕೀಲಿ ಡ್ಯೂಟಿ ಸಿಸ್ಟರ್ ಬಳಿ’ ಎಂದು ಬರೆದು ನೋಡಿ. ಮುಂದಿನ ಸುತ್ತಿಗೆ ಹೋದಾಗ ಆ ಕಪಾಟಿನಲ್ಲಿ ಯಾವ ಪುಸ್ತಕ ಕೆಲಸಕ್ಕೆ ಬರುತ್ತಿಲ್ಲ, ಅದರ ಜಾಗಕ್ಕೆ ಯಾವುದು ಬೇಕು ಎಂದು ಅವರೇ ಮೊದಲು ಮಾತು ತೆಗೆಯುತ್ತಾರೆ.