ಹೂವಿರುವ ಆರ್ಕಿಡ್‌ನ ಕುಂಡ ಬದಲಿಸಬೇಡಿ: ನನ್ನ ಗಿಡ ಸತ್ತದ್ದು ಹೀಗೆ

ಲಾಲ್‌ಬಾಗ್‌ನ ಸ್ವಾತಂತ್ರ್ಯೋತ್ಸವದ ಹೂವಿನ ಪ್ರದರ್ಶನ ಹತ್ತಿರ ಬಂತು. ಅದನ್ನು ನೋಡಿ ಬಂದವರಲ್ಲಿ ಎಷ್ಟೋ ಜನ ಮನೆಗೆ ಹೋಗುವ ದಾರಿಯಲ್ಲಿ ಒಂದು ಆರ್ಕಿಡ್ ಗಿಡ ಕೊಳ್ಳುತ್ತಾರೆ. ಹೋದ ವರ್ಷ ಜನವರಿಯ ಪ್ರದರ್ಶನ ಮುಗಿಸಿ ನಾನೂ ಹಾಗೇ ಕೊಂಡೆ. ಹತ್ತು ತಿಂಗಳಲ್ಲಿ ಆ ಗಿಡ ಸತ್ತಿತು. ರೋಗ ಬಂದು ಸತ್ತದ್ದಲ್ಲ, ನಾನು ಮಾಡಿದ ಆರೈಕೆಯಿಂದಲೇ ಸತ್ತದ್ದು. ಹೊಸದಾಗಿ ಕೊಳ್ಳುವವರು ದಯವಿಟ್ಟು ಇದನ್ನು ಓದಿಕೊಂಡು ಹೋಗಿ.

ನಾನು ತಂದದ್ದು ಫಲನಾಪ್ಸಿಸ್. ಅಗಲ ಎಲೆ, ಬಾಗಿದ ಉದ್ದ ಕಡ್ಡಿ, ಪತಂಗ ರೆಕ್ಕೆ ಬಿಚ್ಚಿದ ಹಾಗೆ ಕಾಣುವ ಹೂ. ಬಿಳಿ ಹೂ ಏಳು ಅರಳಿದ್ದವು, ತುದಿಯಲ್ಲಿ ಐದು ಮೊಗ್ಗು. ಬೆಲೆ 750 ರೂಪಾಯಿ. ಗಿಡ ನಾಲ್ಕಿಂಚಿನ ಪಾರದರ್ಶಕ ಪ್ಲಾಸ್ಟಿಕ್ ಕುಂಡದಲ್ಲಿತ್ತು. ಬೇರುಗಳು ಒಳಗೆ ಸುತ್ತಿಕೊಂಡು ಎರಡು ಮೂರು ಹೊರಗೂ ಚಾಚಿದ್ದವು. ನರ್ಸರಿಯವರು ಅದನ್ನು ತೋರಿಸಿ, "ನೋಡಿ ಮೇಡಂ, ಬೇರಿಗೆ ಜಾಗನೇ ಇಲ್ಲ, ಇವತ್ತೇ ದೊಡ್ಡ ಪಾಟಿಗೆ ಹಾಕ್ಬಿಡಿ" ಅಂದರು. ಎಂಟಿಂಚಿನ ಕುಂಡ, ಅದರ ಹೊರಗೆ ಇಡಲು ತೂತಿಲ್ಲದ ಪಿಂಗಾಣಿ ಕುಂಡ, ಜೊತೆಗೆ 'ಆರ್ಕಿಡ್ ಮಿಕ್ಸ್' ಎಂದು ಬರೆದ ಎರಡು ಕೆಜಿ ಚೀಲ ಕೊಟ್ಟರು. ಗಿಡಕ್ಕಿಂತ ಈ ಸಾಮಾನಿಗೇ ಹೆಚ್ಚು ದುಡ್ಡಾಯಿತು.

ಚೀಲ ಬಿಚ್ಚಿದರೆ ಕಪ್ಪಗಿನ ಪುಡಿ. ಕೋಕೋಪೀಟ್ ಅಂದರೆ ತೆಂಗಿನ ನಾರಿನ ಪುಡಿ, ಎರೆಗೊಬ್ಬರ, ನಡುನಡುವೆ ಬಿಳಿ ಪರ್ಲೈಟ್ ಕಾಳು. ಗುಲಾಬಿ, ದಾಸವಾಳಕ್ಕೆ ಒಳ್ಳೆಯ ಮಿಶ್ರಣವೇ. ಮಾರನೇ ದಿನ ಬೆಳಿಗ್ಗೆ ಗಿಡ ಕಿತ್ತು, ಹೊರಗೆ ಚಾಚಿದ್ದ ಬೇರುಗಳನ್ನೂ ಬಗ್ಗಿಸಿ ಒಳಗೆ ತಳ್ಳಿ, ಆ ಪುಡಿ ತುಂಬಿ, ಕೈಯಿಂದ ಒತ್ತಿ ಗಟ್ಟಿ ಮಾಡಿ, ಒಂದು ಚೊಂಬು ನೀರು ಹೊಯ್ದೆ. ಬಗ್ಗಿಸುವಾಗ ಎರಡು ಬೇರು ಹಸಿ ಬೀನ್ಸ್ ಮುರಿದ ಹಾಗೆ ಚಟ್ಟೆಂದು ಮುರಿದವು.

ಐದನೇ ದಿನಕ್ಕೆ ಮೊಗ್ಗುಗಳು ಹಳದಿಯಾಗಿ ಒಂದೊಂದೇ ಉದುರಿದವು. ಎರಡು ವಾರದಲ್ಲಿ ಹೂಗಳೂ ಹೋದವು. ಇಂಥ ಗಿಡದ ಹೂ ಎರಡು ಮೂರು ತಿಂಗಳು ನಿಲ್ಲುತ್ತದೆ ಎಂದು ಆಮೇಲೆ ಗೊತ್ತಾಯಿತು. ಹೂ ಹೊತ್ತಿರುವಾಗ ಗಿಡದ ಶಕ್ತಿಯೆಲ್ಲ ಅಲ್ಲೇ ಖರ್ಚಾಗುತ್ತಿರುತ್ತದೆ, ಆಗ ಬೇರು ಕದಲಿಸಿದರೆ ಮೊದಲು ಮೊಗ್ಗು ಬಿಟ್ಟುಕೊಡುತ್ತದೆ. ಬೇರು ಕುಂಡದಿಂದ ಹೊರಗೆ ಬರುವುದು ಜಾಗ ಸಾಲದೆ ಅಲ್ಲ, ಆ ಗಿಡದ ಸ್ವಭಾವವೇ ಹಾಗೆ.

ಮಾರ್ಚ್ ಮುಗಿಯುವಷ್ಟರಲ್ಲಿ ಎಲೆಗಳು ಸೊರಗಿ ಜೋತುಬಿದ್ದವು. ಉದ್ದಕ್ಕೆ ಗೆರೆಗೆರೆಯಾಗಿ ಸುಕ್ಕು. ಬಿಸಿಲು ಕಾಲ, ಪಾಪ ಬಾಯಾರಿದೆ ಎಂದುಕೊಂಡು ದಿನಾ ನೀರು ಹಾಕತೊಡಗಿದೆ. ನಾನು ಎಡವಿದ್ದು ಇಲ್ಲೇ, ನೀವೂ ಎಡವುವುದು ಇಲ್ಲೇ. ನೀರು ಸಾಲದ ಆರ್ಕಿಡ್‌ಗೂ ನೀರು ಹೆಚ್ಚಾದ ಆರ್ಕಿಡ್‌ಗೂ ಎಲೆ ಒಂದೇ ಥರ ಸೊರಗುತ್ತದೆ. ಬೇರು ಕೊಳೆತ ಮೇಲೆ ಸುತ್ತ ಎಷ್ಟು ನೀರಿದ್ದರೂ ಗಿಡ ಕುಡಿಯಲಾರದು. ಎಲೆ ನೋಡಿ ನೀರು ಹಾಕಬೇಡಿ, ಬೇರು ನೋಡಿ ಹಾಕಿ. ನರ್ಸರಿಗಳಲ್ಲಿ ಪಾರದರ್ಶಕ ಕುಂಡ ಬಳಸುವುದು ಅದಕ್ಕೇ. ನಾನು ಅದನ್ನು ಕಸಕ್ಕೆ ಹಾಕಿ, ಏನೂ ಕಾಣದ ಕುಂಡಕ್ಕೆ ಗಿಡ ದಾಟಿಸಿದ್ದೆ.

ಜೂನ್ ಮೊದಲ ವಾರ ಕುಂಡದ ಹತ್ತಿರ ಕೊಳೆತ ಎಲೆಕೋಸಿನಂಥ ವಾಸನೆ ಬಂತು. ಒಳಗಿನ ಕುಂಡ ಎತ್ತಿದರೆ ಪಿಂಗಾಣಿಯ ತಳದಲ್ಲಿ ಎರಡು ಬೆರಳು ಎತ್ತರ ನೀರು ನಿಂತು ಕಪ್ಪಾಗಿತ್ತು. ಗಿಡವನ್ನು ಹಳೇ ಪೇಪರಿನ ಮೇಲೆ ಒರಗಿಸಿ ಬೇರು ಬಿಡಿಸಿದೆ. ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಕಂದು ಸಿಪ್ಪೆ ಲೋಳೆಯಾಗಿ ಕೈಗೆ ಜಾರಿ ಬಂತು, ಹಿಂದೆ ಬರೀ ದಾರದಂಥ ನಾರು ಉಳಿಯಿತು. ಹದಿನೇಳು ಬೇರುಗಳಲ್ಲಿ ಹದಿನಾಲ್ಕು ಹಾಗೇ ಆಗಿದ್ದವು. ಬುಡದ ನಟ್ಟನಡುವೆ ಇನ್ನೊಂದು ಸಂಗತಿ ಸಿಕ್ಕಿತು: ನಿಂಬೆಹಣ್ಣಿನಷ್ಟು ಗಾತ್ರದ, ಬಿಗಿಯಾಗಿ ಸುತ್ತಿದ ಒದ್ದೆ ಪಾಚಿಯ ಉಂಡೆ. ಸಸಿ ಬೆಳೆಸುವಾಗ ತೋಟದವರು ಸ್ಫ್ಯಾಗ್ನಮ್ ಪಾಚಿ ಸುತ್ತಿ ಇಟ್ಟಿರುತ್ತಾರೆ. ಮೇಲೆ ಎಲ್ಲ ಒಣಗಿದ್ದರೂ ಅದು ಸ್ಪಂಜಿನಂತೆ ನೀರು ಹಿಡಿದುಕೊಂಡೇ ಇರುತ್ತದೆ. ಅದು ಅಲ್ಲಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಅವತ್ತು ಸಂಜೆ ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. "ಅದು ಮರದ ಮೇಲಿರೋದಲ್ವೇನೆ? ಮಣ್ಣೊಳಗೆ ಎಂತಕ್ಕೆ ಹುಗಿದ್ಯೆ ಮಾರಾಯ್ತಿ?" ಎಂದಳು. ನಮ್ಮ ತೋಟದ ಅಂಚಿನ ಹಲಸಿನ ಮರದಲ್ಲಿ ಸೀತಾಳೆ ದಂಡೆ ಇದೆ. ಮಳೆಗಾಲ ಹಿಡಿಯುವ ಹೊತ್ತಿಗೆ ನರಿಯ ಬಾಲದ ಹಾಗೆ ಗುಲಾಬಿ ಗೊಂಚಲು ಇಳಿಬಿಡುತ್ತದೆ, ಚಿಕ್ಕವರಿದ್ದಾಗ ನಾವು ಅದನ್ನು ಜಡೆಗೆ ಮುಡಿಯುತ್ತಿದ್ದೆವು. ಅದೂ ಆರ್ಕಿಡ್ಡೇ. ಅಸ್ಸಾಂ, ಅರುಣಾಚಲ ಎರಡು ರಾಜ್ಯಗಳಿಗೂ ಅದೇ ರಾಜ್ಯಪುಷ್ಪ. ಅದರ ದಪ್ಪ ಬೇರುಗಳು ತೊಗಟೆ ಹಿಡಿದು, ಉಳಿದವು ಗಾಳಿಯಲ್ಲಿ ನೇತಾಡುವುದನ್ನು ಬಾಲ್ಯವಿಡೀ ನೋಡಿದ್ದೇನೆ. ಇದನ್ನು ಬಂದಳಿಕೆ ಎಂದು ಕಿತ್ತು ಹಾಕುವವರಿದ್ದಾರೆ, ಅದು ತಪ್ಪು. ಬಂದಳಿಕೆ ಮರದ ರಸ ಹೀರುತ್ತದೆ, ಸೀತಾಳೆ ಮರದ ಮೇಲೆ ಸುಮ್ಮನೆ ಕೂತಿರುತ್ತದೆ.

ಫಲನಾಪ್ಸಿಸ್ ಕೂಡ ಫಿಲಿಪೈನ್ಸ್, ಇಂಡೋನೇಷ್ಯಾ ಕಡೆಯ ಕಾಡುಗಳಲ್ಲಿ ಮರದ ಮೇಲೆ ಬೆಳೆಯುವ ಜಾತಿ. ಅದರ ಬೇರಿನ ಸುತ್ತ ವೆಲಾಮೆನ್ ಎಂಬ ಬಿಳಿ ಸ್ಪಂಜಿನ ಹೊದಿಕೆ ಇರುತ್ತದೆ. ಮಳೆ ಬಿದ್ದಾಗ ಅದು ನೀರು ಹೀರಿ ಹಸಿರಾಗುತ್ತದೆ, ಗಾಳಿಗೆ ಒಣಗಿ ಮತ್ತೆ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ನೆನೆಯುವುದು, ಒಣಗುವುದು ಎರಡೂ ಬೇಕು ಅದಕ್ಕೆ. ಕೋಕೋಪೀಟ್ ಪುಡಿಯಲ್ಲಿ ಹುಗಿದರೆ ಉಸಿರು ಕಟ್ಟುತ್ತದೆ. ಕುಂಡ ದೊಡ್ಡದಾದಷ್ಟೂ ನಡುವಿನ ಪುಡಿ ಒಣಗಲು ಹೆಚ್ಚು ದಿನ ಬೇಕು, ಕೊಳೆಯುವುದು ಇನ್ನೂ ಬೇಗ.

ಉಳಿದ ಮೂರು ಬೇರಿನ ಜೊತೆಗೂ ನಾನು ಸರಿಯಾಗಿ ನಡೆದುಕೊಳ್ಳಲಿಲ್ಲ. ಕತ್ತರಿಸಿದ ಜಾಗಕ್ಕೆ ಚಕ್ಕೆ ಪುಡಿ ಹಚ್ಚಿ ಎಂದು ಒಂದು ವಿಡಿಯೋದಲ್ಲಿ ನೋಡಿ ಬೇರುಗಳಿಗೆಲ್ಲ ಸವರಿಬಿಟ್ಟೆ. ಚಕ್ಕೆ ಪುಡಿ ಬೂಷ್ಟು ತಡೆಯುತ್ತದೆ ನಿಜ, ಆದರೆ ತೇವವನ್ನೂ ಹೀರಿಬಿಡುತ್ತದೆ. ಎಲೆ ಕತ್ತರಿಸಿದ ಗಾಯಕ್ಕೆ ಒಂದು ಚಿಟಿಕೆ ಹಚ್ಚಬಹುದು, ಬೇರಿಗೆ ಬೇಡ. ಮೂರರಲ್ಲಿ ಒಂದು ಬೇರು ಅರ್ಧಕ್ಕೆ ಒಣಗಿತು. ಆದರೂ ಇದ್ದಿಲು, ತೊಗಟೆ ಚೂರು ತುಂಬಿದ ಸಣ್ಣ ಕುಂಡದಲ್ಲಿ ಆ ಗಿಡ ಜೀವ ಹಿಡಿದುಕೊಂಡಿತ್ತು. ಅಕ್ಟೋಬರ್‌ನಲ್ಲಿ ನಡುವಿನಿಂದ ಹೊಸ ಎಲೆಯೂ ಇಣುಕಿತು, ಬೆರಳಿನ ಉಗುರಿನಷ್ಟು.

ನವೆಂಬರ್‌ನ ಒಂದು ಸಂಜೆ, ಎಲೆ ಮೇಲಿನ ಧೂಳು ಹೋಗಲಿ ಎಂದು ಮೇಲಿನಿಂದ ನೀರು ಹೊಯ್ದೆ. ರಾತ್ರಿ ಚಳಿ, ಗಾಳಿ ಇಲ್ಲ. ಎಲೆಗಳು ಕೂಡುವ ನಡುಸುಳಿಯಲ್ಲಿ ನೀರು ನಿಂತೇ ಇತ್ತು. ನಾಲ್ಕನೇ ದಿನ ಆ ಹೊಸ ಎಲೆ ಮುಟ್ಟಿದ ಕೂಡಲೇ ಕೈಗೆ ಬಂತು, ಬುಡ ಕಪ್ಪಾಗಿ ನೀರು ನೀರಾಗಿತ್ತು. ಫಲನಾಪ್ಸಿಸ್ ಬೆಳೆಯುವುದು ಒಂದೇ ಸುಳಿಯಿಂದ. ಅದು ಕೊಳೆತರೆ ಪಕ್ಕದಲ್ಲಿ ಮರಿ ಒಡೆಯುವುದು ಅಪರೂಪ, ನನ್ನದರಲ್ಲಿ ಒಡೆಯಲಿಲ್ಲ. ಡೆಂಡ್ರೋಬಿಯಂ ಎಂಬ ಇನ್ನೊಂದು ಬಗೆಯ ಆರ್ಕಿಡ್‌ಗೆ ಹಲವು ಕಾಂಡ ಇರುವುದರಿಂದ ಒಂದು ಹೋದರೂ ಇನ್ನೊಂದು ಉಳಿಯುತ್ತದೆ. ಮೊದಲ ಸಲ ಸಾಕುವವರಿಗೆ ನಾನು ಅದನ್ನೇ ಹೇಳುತ್ತೇನೆ, ಹೂ ಸ್ವಲ್ಪ ಚಿಕ್ಕದಾದರೂ ಪರವಾಗಿಲ್ಲ. ನೀರು ಬೆಳಿಗ್ಗೆ ಮಾತ್ರ ಹಾಕಿ. ಸುಳಿಗೆ ಬಿದ್ದರೆ ಟಿಶ್ಯೂ ಪೇಪರಿನ ತುದಿ ಸುರುಳಿ ಮಾಡಿ ಒತ್ತಿ ತೆಗೆಯಿರಿ.

ಈ ವರ್ಷ ಫೆಬ್ರವರಿಯಲ್ಲಿ ಇನ್ನೊಂದು ಫಲನಾಪ್ಸಿಸ್ ತಂದೆ. ಈ ಸಲ ಹೂ ಉದುರುವ ತನಕ ಕುಂಡ ಮುಟ್ಟಲಿಲ್ಲ. ಮೇ ತಿಂಗಳಲ್ಲಿ ಕೊನೆಯ ಹೂ ಬಿದ್ದ ಮೇಲೆ, ಬುಡದಲ್ಲಿ ಹಸಿರು ತುದಿಯ ಹೊಸ ಬೇರು ಕಾಣಿಸಿದ ಮೇಲೆ ಕೈ ಹಾಕಿದೆ. ಮೊದಲು ಹದಿನೈದು ನಿಮಿಷ ನೀರಲ್ಲಿ ನೆನೆಸಿದರೆ ಬೇರು ಮೆತ್ತಗಾಗಿ ಬಾಗುತ್ತದೆ, ಮುರಿಯುವುದಿಲ್ಲ. ನಡುವಿನ ಪಾಚಿ ಉಂಡೆಯನ್ನು ಚಿಮುಟದಿಂದ ಎಳೆ ಎಳೆಯಾಗಿ ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು, ಅವಸರ ಮಾಡಬೇಡಿ. ಒತ್ತಿದರೆ ಗಟ್ಟಿ ಇರುವ ಬೇರು ಯಾವ ಬಣ್ಣದ್ದಾದರೂ ಬಿಡಿ. ಮೆತ್ತಗೆ, ಟೊಳ್ಳಾಗಿ ಇರುವುದನ್ನು ಮಾತ್ರ ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ತೆಗೆಯಿರಿ. ಪೈನ್ ತೊಗಟೆ ಚೂರನ್ನು ಹಿಂದಿನ ರಾತ್ರಿಯೇ ನೆನೆಸಿಟ್ಟಿದ್ದೆ, ಒಣ ತೊಗಟೆ ನೀರು ಹಿಡಿಯುವುದಿಲ್ಲ. ಜೊತೆಗೆ ಸೌದೆ ಇದ್ದಿಲು. ತೊಗಟೆ ಸಿಗದಿದ್ದರೆ ತೆಂಗಿನ ಸಿಪ್ಪೆಯ ತುಂಡು ನಡೆಯುತ್ತದೆ, ಉಪ್ಪಿನಂಶ ಹೋಗುವಂತೆ ಮೂರು ನಾಲ್ಕು ಸಲ ನೀರು ಬದಲಿಸಿ ನೆನೆಸಬೇಕು. ಕುಂಡ ಬೇರಿಗೆ ಸರಿಹೊಂದುವಷ್ಟೇ, ಐದಿಂಚು, ಪಕ್ಕದಲ್ಲೂ ತೂತು. ಗಿಡ ಅಲುಗಾಡದ ಹಾಗೆ ಕಡ್ಡಿಗೆ ಕಟ್ಟಿ, ಅಲುಗಾಡಿದರೆ ಹೊಸ ಬೇರಿನ ತುದಿ ಉಜ್ಜಿ ಹೋಗುತ್ತದೆ. ಆಮೇಲೆ ನಾಲ್ಕು ದಿನ ನೀರು ಹಾಕದೆ ನೆರಳಲ್ಲಿಟ್ಟೆ, ಒಂದು ತಿಂಗಳು ಗೊಬ್ಬರ ಕೊಡಲಿಲ್ಲ. ಈಗ 20-20-20 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವುದು) ಲೀಟರ್ ನೀರಿಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ. ಸಗಣಿ ಗೊಬ್ಬರ, ಎರೆಗೊಬ್ಬರ ಬೇಡವೇ ಬೇಡ, ಸಂದಿಗಳೆಲ್ಲ ಮುಚ್ಚಿಹೋಗುತ್ತವೆ.

ನೀರು ಎಷ್ಟು ದಿನಕ್ಕೊಮ್ಮೆ ಎಂದು ಎಲ್ಲರೂ ಕೇಳುತ್ತಾರೆ. ಮಂಗಳೂರಿನ ಸೆಕೆಗೂ ಬೆಂಗಳೂರಿನ ಗಾಳಿಗೂ ಒಂದೇ ಲೆಕ್ಕ ಇಲ್ಲ. ಉರಿದು ಉಳಿದ ಊದುಬತ್ತಿ ಕಡ್ಡಿಯನ್ನು ತೊಳೆದು ಒಣಗಿಸಿ ಕುಂಡದ ನಡುವೆ ಚುಚ್ಚಿಡಿ, ಹತ್ತು ನಿಮಿಷ ಬಿಟ್ಟು ತೆಗೆದು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಆ ದಿನ ನೀರು ಬೇಡ. ನನ್ನ ಬಾಲ್ಕನಿಯಲ್ಲಿ ಬೇಸಿಗೆಗೆ ನಾಲ್ಕೈದು ದಿನಕ್ಕೊಮ್ಮೆ, ಈ ಮಳೆಯಲ್ಲಿ ಒಂಬತ್ತು ಹತ್ತು ದಿನಕ್ಕೊಮ್ಮೆ ಬೇಕಾಗುತ್ತಿದೆ. ಮಳೆನೀರು ಹಿಡಿದಿಟ್ಟರೆ ಬಹಳ ಒಳ್ಳೆಯದು. ಫಿಲ್ಟರಿನಿಂದ ಹೊರಬರುವ ಆರ್‌ಒ ವೇಸ್ಟ್ ನೀರು ಹಾಕಬೇಡಿ, ಅದರಲ್ಲಿ ಲವಣ ಹೆಚ್ಚು, ಬೇರಿನ ತುದಿ ಸುಡುತ್ತದೆ.

ಇನ್ನೊಂದು ಮಾತು. ಗಾಢ ನೀಲಿ ಬಣ್ಣದ ಫಲನಾಪ್ಸಿಸ್ ಕಂಡರೆ ಹೆಚ್ಚು ದುಡ್ಡು ಕೊಡಬೇಡಿ. ಬಿಳಿ ಹೂವಿನ ಗಿಡದ ಕಡ್ಡಿಗೆ ಬಣ್ಣ ಸೇರಿಸಿ ಮಾಡುವುದು ಅದು, ಮುಂದಿನ ಸಲ ಬಿಳಿ ಹೂವೇ ಬಿಡುತ್ತದೆ.

ಇದನ್ನು ಓದುವಾಗ ನಿಮ್ಮ ಆರ್ಕಿಡ್ ಈಗಾಗಲೇ ಮಣ್ಣಿನಲ್ಲೋ ಕೋಕೋಪೀಟ್‌ನಲ್ಲೋ ಇದ್ದರೆ ಮಾತ್ರ ಹೂ ಉದುರಲಿ ಎಂದು ಕಾಯಬೇಡಿ. ಇವತ್ತೇ ಹೊರಗೆ ತೆಗೆದು, ತೊಳೆದು, ಬೇರುಗಳನ್ನು ಒಂದೊಂದಾಗಿ ಒತ್ತಿ ನೋಡಿ. ಹೂಕಡ್ಡಿ ಕತ್ತರಿಸಿ ನೀರಿನ ಗ್ಲಾಸಿಗೆ ಹಾಕಿದರೆ ಹೂ ಇನ್ನೂ ಕೆಲವು ದಿನ ನೋಡಲು ಸಿಗುತ್ತದೆ, ಗಿಡದ ಭಾರವೂ ಇಳಿಯುತ್ತದೆ. ಎರಡೇ ಗಟ್ಟಿ ಬೇರು ಉಳಿದಿದ್ದರೂ ಎಸೆಯಬೇಡಿ. ನನ್ನದು ಎರಡೂವರೆ ಬೇರಿನ ಮೇಲೆ ನಾಲ್ಕು ತಿಂಗಳು ಬದುಕಿ ಹೊಸ ಎಲೆ ಕೊಟ್ಟಿತ್ತು.