ಕಿಲ್ ಸ್ವಿಚ್ ವೈರ್ ಬಿಚ್ಚಿ ನೋಡದೆ ಮ್ಯಾಗ್ನೆಟ್‌ಗೆ ಕೈ ಹಾಕಬೇಡಿ

ಹಳೇ ಸಣ್ಣ ಡರ್ಟ್ ಬೈಕ್ ಇಟ್ಟುಕೊಂಡವರು, ಅದರಲ್ಲೂ ಮಕ್ಕಳಿಗೆ ಓಡಿಸಲು ಅಂತ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಎರಡು ತಿಂಗಳು ತಪ್ಪು ಜಾಗದಲ್ಲಿ ಹುಡುಕಿದೆ. ಚೆನ್ನಾಗಿದ್ದ ಎಂಜಿನ್ ಹಾಳು ಮಾಡಿದೆ. ಕೊನೆಗೆ ಕಾಲಿಗೂ ಏಟು ಮಾಡಿಕೊಂಡೆ. ಗಾಡಿಯಲ್ಲಿ ನಿಜವಾಗಿ ಇದ್ದ ತೊಂದರೆ, ಎಂಜಿನ್ ಆಫ್ ಮಾಡುವ ಕಿಲ್ ಸ್ವಿಚ್‌ಗೆ ಹೋಗುವ ಒಂದು ಸವೆದ ವೈರ್ ಮಾತ್ರ.

ಗಾಡಿ 80 ಸಿಸಿ ಟು ಸ್ಟ್ರೋಕ್, ಮಗನಿಗೆ ಅಂತ ತಗೊಂಡಿದ್ದು. ಬ್ಯಾಟರಿ ಇಲ್ಲ, ಲೈಟ್ ಇಲ್ಲ, ಕೀ ಇಲ್ಲ. ಕಿಕ್ ಹೊಡೆದರೆ ಮ್ಯಾಗ್ನೆಟ್, ಅಂದರೆ ಅಯಸ್ಕಾಂತ ಇರುವ ಚಕ್ರ, ತಿರುಗುತ್ತದೆ, ಒಳಗಿನ ಕಾಯಿಲ್‌ನಲ್ಲಿ ಕರೆಂಟ್ ಹುಟ್ಟಿ ಸಿಡಿಐಗೆ (ಸರಿಯಾದ ಕ್ಷಣಕ್ಕೆ ಸ್ಪಾರ್ಕ್ ಬರುವ ಹಾಗೆ ಮಾಡುವ ಸಣ್ಣ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹೋಗುತ್ತದೆ, ಅಲ್ಲಿಂದ ಇಗ್ನಿಷನ್ ಕಾಯಿಲ್‌ಗೆ, ಅಲ್ಲಿಂದ ಪ್ಲಗ್‌ಗೆ. ಒಂದು ಸಂಜೆ ಮಗ ಬಿಗಿಯಾದ ತಿರುವಿನಲ್ಲಿ ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದಾಗ ಗಾಡಿ ಟಕ್ ಅಂತ ಆಫ್ ಆಯಿತು. ಮತ್ತೆ ಕಿಕ್ ಹೊಡೆದರೆ ಸ್ಟಾರ್ಟ್ ಆಯಿತು. ಆ ವಾರದಲ್ಲಿ ಇನ್ನೂ ಎರಡು ಸಲ ಹಾಗೇ ಆಯಿತು, ಎರಡೂ ಸಲ ತಿರುವಿನಲ್ಲೇ. ಆಮೇಲೆ ಸ್ಪಾರ್ಕ್ ಬರುವುದೇ ನಿಂತುಹೋಯಿತು. ತಿರುವಿನ ವಿಷಯ ನಾನು ಗಮನಿಸಿದ್ದೆ, ಆದರೆ ಅದಕ್ಕೂ ಸ್ಪಾರ್ಕ್‌ಗೂ ಸಂಬಂಧ ಇರಬಹುದು ಅಂತ ಯೋಚನೆ ಮಾಡಲಿಲ್ಲ.

ಮೊದಲು ಪ್ಲಗ್ ಬದಲಾಯಿಸಿದೆ. ಹೊಸ ಪ್ಲಗ್ ಅನ್ನು ಕ್ಯಾಪ್‌ಗೆ ಸಿಕ್ಕಿಸಿ, ಹೆಡ್‌ಗೆ ತಾಗಿಸಿ ಹಿಡಿದು ಕಿಕ್ ಹೊಡೆದೆ. ಸ್ಪಾರ್ಕ್ ಇಲ್ಲ. ಹತ್ತು, ಹದಿನೈದು, ಇಪ್ಪತ್ತು ಸಲ ಹೊಡೆದೆ. ನಡುವೆ ಒಂದೇ ಒಂದು ಸಲ ಸ್ಪಾರ್ಕ್ ಬಂತು. ಅಷ್ಟರಲ್ಲಿ ಎಂಜಿನ್ ಒಳಗೆಲ್ಲಾ ಪೆಟ್ರೋಲ್ ತುಂಬಿತ್ತು. ಪ್ಲಗ್ ಇದ್ದ ತೂತಿನಿಂದ ಅದು ಮಂಜಿನ ಹಾಗೆ ಹೊರಗೆ ಬರುತ್ತಿತ್ತು, ನಾನು ಪ್ಲಗ್ ಹಿಡಿದಿದ್ದು ಅದರ ಪಕ್ಕದಲ್ಲೇ. ಭಗ್ ಅಂತ ಹತ್ತಿಕೊಂಡಿತು. ಕೈ ಮೇಲಿನ ಕೂದಲು ಸುಟ್ಟಿತು, ಅಷ್ಟಕ್ಕೇ ಉಳಿದೆ. ಸ್ಪಾರ್ಕ್ ನೋಡುವಾಗ ಪೆಟ್ರೋಲ್ ಟ್ಯಾಪ್ ಬಂದ್ ಮಾಡಿ. ತೂತಿಗೆ ಬೇರೆ ಹಳೇ ಪ್ಲಗ್ ಹಾಕಿ ಮುಚ್ಚಿ. ಸ್ಪಾರ್ಕ್ ನೋಡುವ ಪ್ಲಗ್ ತೂತಿನಿಂದ ದೂರ ಇರಲಿ, ಆದರೆ ಅದರ ಕಬ್ಬಿಣದ ಮೈ ಎಂಜಿನ್‌ಗೆ ಗಟ್ಟಿಯಾಗಿ ತಾಗಿರಲಿ. ಪ್ಲಗ್ ಎಲ್ಲೂ ತಾಗದೆ ಗಾಳಿಯಲ್ಲಿ ನೇತಾಡುತ್ತಿರುವಾಗ ಕಿಕ್ ಹೊಡೆದರೆ ಆ ವೋಲ್ಟೇಜ್‌ಗೆ ಹೋಗಲು ದಾರಿ ಸಿಗದೆ ಕಾಯಿಲ್, ಸಿಡಿಐ ಹಾಳಾಗುವ ಸಾಧ್ಯತೆ ಇದೆ.

ಪರಿಚಯದವರೊಬ್ಬರು ಗಾಡಿ ನೋಡದೆ, ಫೋನಿನಲ್ಲೇ, 'ಸಿಡಿಐ ಹೋಗಿರುತ್ತೆ, ಬದಲಾಯಿಸಿಬಿಡಿ' ಅಂದರು. ಹೆಸರಿಲ್ಲದ ಒಂದು ಸಿಡಿಐ ತಂದೆ. ಸಾಕೆಟ್ ಸರಿಯಾಗಿ ಕೂತಿತು, ಆದ್ದರಿಂದ ಅದೇ ಅಂದುಕೊಂಡೆ. ಸ್ಪಾರ್ಕ್ ಬರಲಿಲ್ಲ. ಆಮೇಲೆ ತಿಳಿಯಿತು, ಸಿಡಿಐಯಲ್ಲಿ ಎರಡು ಜಾತಿ ಇವೆ. ಎಸಿ ಸಿಡಿಐ ಮ್ಯಾಗ್ನೆಟ್ ಕಾಯಿಲ್‌ನಿಂದಲೇ ನೇರವಾಗಿ ಕರೆಂಟ್ ತಗೊಳ್ಳುತ್ತದೆ. ಡಿಸಿ ಸಿಡಿಐಗೆ 12 ವೋಲ್ಟ್ ಬ್ಯಾಟರಿ ಕರೆಂಟ್ ಬೇಕು. ಬ್ಯಾಟರಿಯೇ ಇಲ್ಲದ ಗಾಡಿಗೆ ನಾನು ಡಿಸಿ ತಂದಿದ್ದೆ. ಸಾಕೆಟ್ ಒಂದೇ ಥರ ಇದ್ದ ಮಾತ್ರಕ್ಕೆ ಒಳಗಿನ ವೈರಿಂಗ್ ಒಂದೇ ಇರಬೇಕಿಲ್ಲ.

ಆಮೇಲೆ ಮೀಟರ್ ಹಿಡಿದೆ. ಟ್ಯಾಂಕ್ ಕೆಳಗಿಳಿಸಿ, ವೈರುಗಳನ್ನೆಲ್ಲ ಸಡಿಲ ಮಾಡಿ ಒಂದೊಂದಾಗಿ ಅಳೆದೆ. ಪ್ಲಗ್ ಕ್ಯಾಪ್ 5 ಸಾವಿರ ಓಮ್ ಹತ್ತಿರ ತೋರಿಸಿತು, ಅದು ಸರಿ. ಮ್ಯಾಗ್ನೆಟ್ ಒಳಗಿನ ಕಾಯಿಲ್ 210 ಓಮ್ ಬಂತು. ನನ್ನ ಬಳಿ ಇದ್ದ ಅಳತೆಯ ಪ್ರಕಾರ ಅದು 300ರ ಮೇಲೆ ಇರಬೇಕಿತ್ತು. ಆದರೆ ಆ ಅಳತೆ ಬೇರೆ ಮಾಡೆಲ್‌ನದ್ದು. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಈ ಅಳತೆ ಬೇರೆ ಬೇರೆ ಇರಬಹುದು. ನಿಮ್ಮ ಮಾಡೆಲ್‌ನ, ನಿಮ್ಮ ವರ್ಷದ ಸರ್ವಿಸ್ ಮ್ಯಾನ್ಯುಯಲ್ ಕೈಯಲ್ಲಿ ಇಲ್ಲದಿದ್ದರೆ ಆ ಅಂಕಿ ನೋಡಿ ಕಾಯಿಲ್ ಸತ್ತಿದೆ ಅಂತ ತೀರ್ಮಾನ ಮಾಡಬೇಡಿ. ನಾನು ಮಾಡಿದೆ.

ಕಾಯಿಲ್ ಬದಲಾಯಿಸಬೇಕು ಅಂದರೆ ಮ್ಯಾಗ್ನೆಟ್ ಬಿಚ್ಚಬೇಕು. ಅದನ್ನು ಎಳೆದು ತೆಗೆಯುವ ಪುಲ್ಲರ್ ನನ್ನ ಹತ್ತಿರ ಇರಲಿಲ್ಲ. ಸುತ್ತಿಗೆಯಿಂದ ಮ್ಯಾಗ್ನೆಟ್ ಅಂಚಿಗೆ ತಟ್ಟಿದೆ, ಬರಲಿಲ್ಲ. ಆಮೇಲೆ ಕ್ರ್ಯಾಂಕ್, ಅಂದರೆ ಮ್ಯಾಗ್ನೆಟ್ ಕೂರುವ ಎಂಜಿನ್‌ನ ತಿರುಗುವ ದಂಡ, ಅದರ ತುದಿಗೇ ಹೊಡೆದೆ. ಬಂತು, ಆದರೆ ತುದಿಯ ಥ್ರೆಡ್ ಚಪ್ಪಟೆ ಆಗಿತ್ತು, ಮ್ಯಾಗ್ನೆಟ್ ಕೂರುವ ಇಳಿಜಾರಿನ ಮೇಲೆ ಗೀರು ಬಿದ್ದಿತ್ತು. ಹೀಗೆ ಹೊಡೆದರೆ ಕ್ರ್ಯಾಂಕ್ ಬಾಗಬಹುದು, ಬೇರಿಂಗ್ ಏಟು ತಿನ್ನಬಹುದು, ಮ್ಯಾಗ್ನೆಟ್ ಒಳಗಿನ ಅಯಸ್ಕಾಂತಗಳು ಬಿರುಕು ಬಿಡಬಹುದು. ದಯವಿಟ್ಟು ಸರಿಯಾದ ಅಳತೆಯ ಪುಲ್ಲರ್ ತಗೊಳ್ಳಿ, ಅಥವಾ ಇದ್ದವರ ಹತ್ತಿರ ಹೋಗಿ ಬಿಚ್ಚಿಸಿ. ಕೆಲವು ಗಾಡಿಗಳಿಗೆ ಪುಲ್ಲರ್ ಥ್ರೆಡ್ ಉಲ್ಟಾ ಇರುತ್ತದೆ, ಅದನ್ನೂ ಮೊದಲೇ ನೋಡಿಕೊಳ್ಳಿ.

ಹೊಸ ಕಾಯಿಲ್ ಹಾಕಿದೆ. ಹಳೇ ಸಿಡಿಐ ವಾಪಸ್ ಹಾಕಿದೆ. ಕಿಕ್ ಹೊಡೆದರೆ ಒಳ್ಳೆ ನೀಲಿ ಸ್ಪಾರ್ಕ್! ಎಷ್ಟು ಖುಷಿಯಾಯಿತು ಅಂದರೆ, ಟ್ಯಾಂಕ್ ಕೂಡ ಹಾಕದೆ, ಕಾರ್ಬುರೇಟರ್‌ನಲ್ಲಿ ಉಳಿದಿದ್ದ ಪೆಟ್ರೋಲ್‌ನಲ್ಲೇ ಒಮ್ಮೆ ಸ್ಟಾರ್ಟ್ ಮಾಡಿ ನೋಡೋಣ ಅಂತ ಜೋರಾಗಿ ಕಿಕ್ ಹೊಡೆದೆ. ಕಿಕ್ಕರ್ ವಾಪಸ್ ಒದೆಯಿತು. ಕಾಲಲ್ಲಿ ಇದ್ದದ್ದು ಚಪ್ಪಲಿ. ಪಾದದ ಕೀಲು ಊದಿಕೊಂಡು ಮೂರು ವಾರ ಸರಿಯಾಗಿ ನಡೆಯಲು ಆಗಲಿಲ್ಲ. ಆ ಕಿಕ್ ಮಗ ಹೊಡೆದಿದ್ದರೆ ಅಂತ ಯೋಚಿಸಿದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಯಾಕೆ ಹಾಗಾಯಿತು ಅಂದರೆ, ಮ್ಯಾಗ್ನೆಟ್ ಮತ್ತು ಕ್ರ್ಯಾಂಕ್ ನಡುವೆ ಅರ್ಧಚಂದ್ರದ ಆಕಾರದ ಒಂದು ಸಣ್ಣ ಕೀ ಇರುತ್ತದೆ. ಸ್ಪಾರ್ಕ್ ಯಾವ ಕ್ಷಣದಲ್ಲಿ ಬರಬೇಕು ಅನ್ನುವುದು ಆ ಕೀ ಇರುವ ಜಾಗದ ಮೇಲೆ ನಿಂತಿದೆ. ಆದರೆ ಮ್ಯಾಗ್ನೆಟ್ ಅನ್ನು ಹಿಡಿದಿಡುವುದು ಕೀ ಅಲ್ಲ, ಆ ಇಳಿಜಾರಿನ ಬಿಗಿ. ನನ್ನ ಗಾಡಿಯಲ್ಲಿ ಇಳಿಜಾರು ಗೀರಿತ್ತು, ಎಣ್ಣೆ ಮೆತ್ತಿತ್ತು, ಹಾಳಾದ ಥ್ರೆಡ್ ಮೇಲೆ ನಟ್ ಸರಿಯಾಗಿ ಬಿಗಿಯಾಗಿರಲಿಲ್ಲ. ಮ್ಯಾಗ್ನೆಟ್ ಜಾರಿ ಕೀ ಅರ್ಧ ಕತ್ತರಿಸಿತ್ತು. ಸ್ಪಾರ್ಕ್ ಬೇಗ ಬಂದು, ಮೇಲೆ ಬರುತ್ತಿದ್ದ ಪಿಸ್ಟನ್ ಅನ್ನು ಉಲ್ಟಾ ತಳ್ಳಿತು.

ಕಾಲು ಊದಿಕೊಂಡು ಕೂತಿದ್ದಾಗ ಭಾವ ನೋಡಲು ಬಂದರು. ಗಾಡಿ ಕಥೆ ಎಲ್ಲಾ ಕೇಳಿದರು. 'ಕಿಲ್ ಸ್ವಿಚ್ ವೈರ್ ಬಿಚ್ಚಿ ನೋಡಿದ್ದೀಯಾ?' ಅಂದರು. ಇಲ್ಲ ಅಂದೆ. ಅವರು ಪ್ಲಗ್ ಹೊರಗಿಟ್ಟು, ಟ್ಯಾಂಕ್ ಕೂರಿಸಿ, ಕಿಕ್ಕರ್ ಅನ್ನು ಕೈಯಿಂದ ಒತ್ತಿದರು. ಸ್ಪಾರ್ಕ್ ಇಲ್ಲ! ಕಿಲ್ ಸ್ವಿಚ್‌ಗೆ ಹೋಗುವ ವೈರ್ ಕಿತ್ತು ಮತ್ತೆ ಒತ್ತಿದರು. ಸ್ಪಾರ್ಕ್ ಬಂತು. ಟ್ಯಾಂಕ್ ಎತ್ತಿ ತೋರಿಸಿದರು: ಹ್ಯಾಂಡಲ್ ಹತ್ತಿರ ಆ ವೈರ್‌ನ ಮೇಲ್ಪದರ ಸವೆದು ತಾಮ್ರ ಚಾಸಿಗೆ ತಾಗುತ್ತಿತ್ತು.

ಮನೆಯ ಸ್ವಿಚ್ ಆಫ್ ಮಾಡಿದರೆ ವೈರ್ ಬಿಡಿಸಿ ಕರೆಂಟ್ ನಿಲ್ಲಿಸುತ್ತದೆ. ಈ ಗಾಡಿಗಳ ಕಿಲ್ ಸ್ವಿಚ್ ವೈರ್ ಸೇರಿಸಿ ನಿಲ್ಲಿಸುತ್ತದೆ, ಸಿಡಿಐಗೆ ಹೋಗಬೇಕಾದ ಕರೆಂಟನ್ನು ಚಾಸಿಗೆ ಇಳಿಸಿಬಿಡುತ್ತದೆ. ಸವೆದ ವೈರ್ ಚಾಸಿಗೆ ತಾಗಿದರೆ ಯಾರೋ ಕಿಲ್ ಸ್ವಿಚ್ ಒತ್ತಿ ಹಿಡಿದ ಹಾಗೇ. ಹ್ಯಾಂಡಲ್ ಎಡಕ್ಕೆ ತಿರುಗಿದಾಗ ಎಂಜಿನ್ ನಿಲ್ಲುತ್ತಿದ್ದದ್ದು ಅದಕ್ಕೇ. ನಾನು ಟ್ಯಾಂಕ್ ಇಳಿಸಿದಾಗ ವೈರ್ ಸಡಿಲವಾಗಿ ಚಾಸಿಯಿಂದ ದೂರ ಸರಿದಿತ್ತು, ಸ್ಪಾರ್ಕ್ ವಾಪಸ್ ಬಂದಿತ್ತು. ಹೊಸ ಕಾಯಿಲ್‌ನಿಂದ ಸರಿ ಹೋಯಿತು ಅಂತ ನಾನು ನಂಬಿದ್ದೆ. ಹಳೇ ಕಾಯಿಲ್ ಚೆನ್ನಾಗಿಯೇ ಇತ್ತು, ಆಮೇಲೆ ಅದನ್ನೇ ಹಾಕಿ ಓಡಿಸುತ್ತಿದ್ದೇವೆ.

ಸ್ಪಾರ್ಕ್ ಇಲ್ಲ ಅಂದರೆ ಮೊದಲು ಆ ಒಂದು ವೈರ್ ಬಿಚ್ಚಿ ನೋಡಿ. ಐದು ನಿಮಿಷದ ಕೆಲಸ, ಅಲ್ವಾ? ಆಮೇಲೆ ಪ್ಲಗ್ ಕ್ಯಾಪ್ ತಿರುಗಿಸಿ ತೆಗೆದು ವೈರ್ ತುದಿ ನೋಡಿ. ಹಸಿರು ಕಟ್ಟಿದ್ದರೆ, ವೈರ್ ಉದ್ದ ಸಾಕಷ್ಟಿದ್ದರೆ, ಅರ್ಧ ಸೆಂಟಿಮೀಟರ್ ಕತ್ತರಿಸಿ ಮತ್ತೆ ತಿರುಗಿಸಿ. ಇಗ್ನಿಷನ್ ಕಾಯಿಲ್ ಚಾಸಿಗೆ ಕೂರುವ ಜಾಗದ ತುಕ್ಕು, ಪೇಂಟ್ ಎಮರಿ ಪೇಪರ್‌ನಿಂದ ಉಜ್ಜಿ. ಇಷ್ಟೆಲ್ಲಾ ಸರಿ ಇದ್ದು, ತಣ್ಣಗಿದ್ದಾಗ ಸ್ಟಾರ್ಟ್ ಆಗಿ ಬಿಸಿಯಾದ ಮೇಲೆ ಆಫ್ ಆಗಿ, ಆರಿದ ಮೇಲೆ ಮತ್ತೆ ಸ್ಟಾರ್ಟ್ ಆಗುತ್ತಿದ್ದರೆ ಮಾತ್ರ ಒಳಗಿನ ಕಾಯಿಲ್ ಮೇಲೆ ನನಗೆ ಅನುಮಾನ ಬರುತ್ತದೆ.

ಒಂದು ವಿಷಯ ಮರೆಯಬೇಡಿ. ಆ ವೈರ್ ಬಿಚ್ಚಿದ್ದಾಗ ಎಂಜಿನ್ ಸ್ಟಾರ್ಟ್ ಆದರೆ ಸ್ವಿಚ್‌ನಿಂದ ನಿಲ್ಲುವುದಿಲ್ಲ. ಗೇರ್ ಹಾಕಿ, ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು, ಕ್ಲಚ್ ಬಿಟ್ಟು ನಿಲ್ಲಿಸಬೇಕು. ಹಾಗಾಗಿ ಪರೀಕ್ಷೆ ಮಾಡುವಾಗ ಕ್ಯಾಪ್‌ಗೆ ಸಿಕ್ಕಿಸಿದ ಪ್ಲಗ್ ಹೊರಗೇ ಇರಲಿ. ವೈರ್ ಹಾಗೇ ಬಿಚ್ಚಿಟ್ಟು ಮಕ್ಕಳ ಕೈಗೆ ಗಾಡಿ ಕೊಡಲೇಬೇಡಿ.

ಕ್ರ್ಯಾಂಕ್ ಪೂರ್ತಿ ಬದಲಾಯಿಸಬೇಕಾಯಿತು, ಜೊತೆಗೆ ಹೊಸ ಕೀ, ಹೊಸ ನಟ್. ಸವೆದ ವೈರ್‌ನ ಆ ತುಂಡು ಕತ್ತರಿಸಿ ಹೊಸದು ಸೇರಿಸಿ, ಮೇಲೆ ರಬ್ಬರ್ ಕೊಳವೆ ಹಾಕಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಎಲ್ಲೂ ಎಳೆಯುತ್ತಿಲ್ಲ ಅಂತ ನೋಡಿ ಕಟ್ಟಿದ್ದೇನೆ. ಈಗ ಮಗ ಎಷ್ಟು ಬಿಗಿಯಾದ ತಿರುವು ತಗೊಂಡರೂ ಗಾಡಿ ನಿಲ್ಲುತ್ತಿಲ್ಲ.