ಮೂರು ವರ್ಷದ ಸ್ಕ್ಯಾನರ್ ಬಳಕೆ: ಒಂದು ಹಲ್ಲಿಗೆ ನಂಬಿಕೆ, ಇಡೀ ದವಡೆಗೆ ಈಗಲೂ ಸಿಲಿಕೋನ್ ಅಚ್ಚು

ಕಲಬುರಗಿಯ ನಮ್ಮ ಸಣ್ಣ ಕ್ಲಿನಿಕ್‌ಗೆ ಬಾಯಿಯೊಳಗೆ ಅಳತೆ ತೆಗೆಯುವ ಸ್ಕ್ಯಾನರ್ ಬಂದು ಮೂರು ವರ್ಷ ದಾಟಿತು. ಕ್ಯಾಪ್ (ಹಲ್ಲಿನ ಮೇಲೆ ಕೂರಿಸುವ ಹೊದಿಕೆ), ಬ್ರಿಡ್ಜ್ (ಇಲ್ಲದ ಹಲ್ಲಿನ ಜಾಗಕ್ಕೆ ಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರಿಸುವ ಸಾಲು) ಕೆಲಸಕ್ಕೆ ಹೆಚ್ಚಾಗಿ ಅದನ್ನೇ ಬಳಸುತ್ತೇನೆ. ತಗೊಳ್ಳೋಣವೇ ಬೇಡವೇ ಎಂದು ಯೋಚಿಸುತ್ತಿರುವ ದಂತವೈದ್ಯ ಗೆಳೆಯರಿಗಾಗಿ ಈ ಬರಹ.

ಒಂದೇ ಹಲ್ಲಿನ ಕ್ಯಾಪ್‌ಗೆ ಇದರ ಅಳತೆಯನ್ನು ಧೈರ್ಯವಾಗಿ ನಂಬಬಹುದು. ಕ್ಯಾಪ್‌ನ ಅಂಚಿಗೂ ಹಲ್ಲಿಗೂ ನಡುವಿನ ಸಂದು 120 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಒಳಗಿದ್ದರೆ ನಡೆಯುತ್ತದೆ ಎಂದು ನಾವೆಲ್ಲ ಓದಿದ್ದೇವೆ, ಅಲ್ವಾ? ಕ್ಲಿನಿಕ್‌ನಲ್ಲಿ ಮೈಕ್ರಾನ್ ಅಳೆಯಲು ಆಗುವುದಿಲ್ಲ. ಹಲ್ಲು ತಡವಿ ನೋಡುವ ಚೂಪು ಕಡ್ಡಿ, ಅಂದರೆ ಎಕ್ಸ್‌ಪ್ಲೋರರ್‌ನ ಮೊನೆಯೇ ನಮಗೆ ಸಾಕ್ಷಿ. ಅಂಚಿನ ಮೇಲೆ ಆಡಿಸಿದಾಗ ಅದು ಸಿಕ್ಕಿಕೊಳ್ಳುವುದು ಈಗ ಅಪರೂಪ. ಹಿಂದೆ ಹಲ್ಲಿನ ಮೇಲೆ ಸಿಲಿಕೋನ್ ಒತ್ತಿ ತೆಗೆದ ಅಚ್ಚನ್ನು ಬಸ್ಸಿನಲ್ಲಿ ಹೈದರಾಬಾದ್ ಲ್ಯಾಬ್‌ಗೆ ಕಳಿಸುತ್ತಿದ್ದೆ. ಈಗ ಫೈಲ್ ಹೋಗುತ್ತದೆ.

ಆದರೆ ಬೆಳಕು ಮುಟ್ಟದ ಜಾಗ ಸ್ಕ್ಯಾನರ್‌ಗೆ ಕಾಣುವುದಿಲ್ಲ. ಇದು ನನಗೆ ಮನದಟ್ಟಾಗಿದ್ದು ಆಳಂದದಿಂದ ಬಂದಿದ್ದ ಒಬ್ಬ ಅಮ್ಮನಿಂದ. ಕೆಳಗಿನ ಕೊನೆಯ ದವಡೆ ಹಲ್ಲು. ಹಿಂಬದಿಯ ಅಂಚು ಒಸಡಿನ ಕೆಳಗಿತ್ತು, ಸ್ವಲ್ಪ ರಕ್ತ ಜಿನುಗುತ್ತಿತ್ತು. ಪರದೆಯ ಮೇಲೆ ಚಿತ್ರ ನುಣುಪಾಗಿ ಬಂತು, ಕಳಿಸಿಬಿಟ್ಟೆ. ಕಾಣದೇ ಉಳಿದ ಜಾಗವನ್ನು ಸಾಫ್ಟ್‌ವೇರ್ ತಾನೇ ತುಂಬಿತ್ತು. ಕ್ಯಾಪ್ ಅಲ್ಲೇ ಗಿಡ್ಡವಾಯಿತು. ಮತ್ತೆ ಬಸ್ ಹತ್ತಿ ಬಂದ ಆ ಅಮ್ಮ "ಇರಲಿ ಬಿಡ್ರಿ ಡಾಕ್ಟರೇ, ಈ ಸಲ ಸರಿ ಮಾಡಿ ಕೊಡ್ರಿ" ಎಂದರು. ತಪ್ಪು ನನ್ನದೇ. ಆವತ್ತಿನಿಂದ ದಾರ ಇಟ್ಟು ಒಸಡು ಸರಿಸುತ್ತೇನೆ. ರಕ್ತ ನಿಂತು ಹಲ್ಲು ಒಣಗಿದ ಮೇಲೆಯೇ ಸ್ಕ್ಯಾನ್. ಆಮೇಲೆ ಪರದೆಯ ಚಿತ್ರದ ಬಣ್ಣ ತೆಗೆದು, ಬೂದು ಮಾದರಿಯಲ್ಲಿ ಅಂಚನ್ನು ಸುತ್ತಲೂ ನೋಡುತ್ತೇನೆ. ಬಣ್ಣದ ಚಿತ್ರ ಚೆಂದ ಕಾಣುತ್ತದೆ, ಅಂಚಿನ ಕೊರತೆಯನ್ನು ಮರೆಮಾಡುತ್ತದೆ. ಸಂಶಯ ಬಂದರೆ ಆ ಜಾಗವನ್ನಷ್ಟೇ ಅಳಿಸಿ, ರೋಗಿ ಕುರ್ಚಿಯಲ್ಲಿರುವಾಗಲೇ ಮತ್ತೆ ತೆಗೆಯಬಹುದು. ನನಗೆ ಇದೇ ಇದರ ದೊಡ್ಡ ಲಾಭ.

ಗುಟ್ಕಾದಿಂದ ಬಾಯಿ ಬಿಗಿದು ಎರಡು ಬೆರಳಷ್ಟೂ ತೆರೆಯಲಾಗದವರು ನಮ್ಮಲ್ಲಿಗೆ ಬರುತ್ತಾರೆ. ಅವರ ಹಿಂದಿನ ಹಲ್ಲಿಗೆ ಸ್ಕ್ಯಾನರ್‌ನ ದಪ್ಪ ತುದಿ ಹೋಗುವುದೇ ಇಲ್ಲ. ಕೊಳ್ಳುವ ಮುಂಚೆ ಬೆಲೆಗಿಂತ ಮೊದಲು ತುದಿಯ ಗಾತ್ರ ನೋಡಿ.

ಇನ್ನು ಉದ್ದದ ಕೆಲಸ. ಸ್ಕ್ಯಾನರ್ ತುಂಡು ತುಂಡು ಚಿತ್ರ ತೆಗೆದು ಕೌದಿ ಹೊಲಿದ ಹಾಗೆ ಜೋಡಿಸುತ್ತದೆ. ಒಂದೊಂದು ಜೋಡಣೆಯಲ್ಲೂ ಚೂರು ತಪ್ಪು ಸೇರುತ್ತದೆ. ದವಡೆಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಅದು ಜಾಸ್ತಿಯಾಗಿರುತ್ತದೆ. ಹಲ್ಲೇ ಇಲ್ಲದ ಕಡೆ ಜೋಡಿಸಲು ಗುರುತೂ ಸಿಗುವುದಿಲ್ಲ. ಮಾರಲು ಬಂದವರು ಇದನ್ನು ಹೇಳಲಿಲ್ಲ, ಹೇಳಬೇಕಿತ್ತು. ಮೂರು ನಾಲ್ಕು ಹಲ್ಲಿನ ಬ್ರಿಡ್ಜ್‌ವರೆಗೆ ನಾನು ಸ್ಕ್ಯಾನ್ ಮಾಡುತ್ತೇನೆ. ಅದಕ್ಕಿಂತ ಉದ್ದವಾದರೆ ಸಿಲಿಕೋನ್ ಅಚ್ಚೇ.

ಸ್ಕ್ಯಾನ್ ಮಾಡುವ ದಾರಿಯನ್ನೂ ಬದಲಿಸಬೇಡಿ. ಮೊದಲು ಅಗಿಯುವ ಮೇಲ್ಮೈ, ಆಮೇಲೆ ಒಳಬದಿ, ಕೊನೆಗೆ ಹೊರಬದಿ. ಕುರ್ಚಿಯ ಲೈಟನ್ನು ಬೇರೆ ಕಡೆ ತಿರುಗಿಸಿ. ನಮ್ಮ ಮೇ ತಿಂಗಳ ಬಿಸಿಲು ಗೊತ್ತಲ್ಲ, ಕರೆಂಟ್ ಹೋಗಿ ಏಸಿ ನಿಂತು ಕೋಣೆ ಕಾದಿದ್ದರೆ ನಾನು ಸುಮ್ನೆ ಮುಂದುವರಿಸುವುದಿಲ್ಲ. ಕ್ಯಾಲಿಬ್ರೇಶನ್ (ಸ್ಕ್ಯಾನರ್‌ನ ಅಳತೆಯನ್ನು ಮತ್ತೆ ಸರಿಹೊಂದಿಸುವುದು) ಮಾಡಿಯೇ ಮುಂದಿನವರನ್ನು ಕರೆಯುತ್ತೇನೆ.